ಕಟ್ಟೆಯ ಮೇಲಿನ ಡಾಕ್ಟರು

ಡಾಕ್ಟರಿಕೆಯ ಪರವಾನಗಿ ಪರೀಕ್ಷೆಗೆ ಓದಲು ಶ್ರೀಶೈಲಪ್ಪ ತನ್ನೂರು ತಿಕೋಂಡಿಗೆ ಬಂದನೆಂದರೆ ಊರಲ್ಲಿ ಯಾರೂ ಗಟ್ಟಿಮುಟ್ಟಾಗಿರುವಂತಿಲ್ಲ. "ಬರ್ರಿ, ಕುಂದ್ರಿ, ನಾಲಿಗಿ ತೋರಸ್ರಿ" ಎಂದು ದಾರಿಹೋಕರನ್ನೂ ಕಟ್ಟೆಗೆ ಕರೆದು, ನಾಡಿ ಹಿಡಿದು, ಬೆನ್ನು ತಟ್ಟಿ, ಭಯಂಕರ ರೋಗವೊಂದನ್ನು ಹೆಸರಿಸುತ್ತಾನೆ. ಅವರು ನಗುತ್ತ ಹೊಲಕ್ಕೆ ಹೋಗುತ್ತಾರೆ. ಹೋದ ಸಲ ಮುಂಬಯಿಯಲ್ಲಿ ಪರೀಕ್ಷಕರು ರೋಗಿಯ ಮುಂದೆ ನಿಲ್ಲಿಸಿ ಏನು ರೋಗವೆಂದು ಕೇಳಿದಾಗ ಬಾಯಿ ಕಟ್ಟಿದಂತಾಗಿ ನಪಾಸಾಗಿದ್ದ. ಅದಕ್ಕೇ ಈ ಸಲ ಇಡೀ ಊರು ಅವನಿಗಾಗಿ ಸರದಿಯ ಮೇಲೆ ನರಳುತ್ತದೆ. ಕುರಿ ಕಾಯುವ ದುಂಡವ್ವ ಮುದುಕಿಯಂತೂ ದಿನಾ ಬಂದು, "ಇವತ್ತ ಎಲ್ಲಿ ನೋಯಬೇಕೋ ತಮ್ಮಾ?" ಎನ್ನುತ್ತಾಳೆ. ಮೊಣಕಾಲಿನ ಪಾಠವಾದರೆ ಕುಂಟುತ್ತಾಳೆ, ಎದೆಯದಾದರೆ ಕೆಮ್ಮುತ್ತಾಳೆ. ನಿನ್ನೆ ಹೊಟ್ಟೆಯ ಪಾಠ. ಅವನು ಮೆಲ್ಲಗೆ ಒತ್ತಿದ್ದೇ ತಡ, ಮುದುಕಿ ಚೀರಿದಳು. "ಆಯೀ, ಇದು ಖರೇ ಬ್ಯಾನಿ ಐತಲ್ಲ! ಯಾವಾಗಿಂದ?" ಎಂದು ಅವನು ಗಾಬರಿಯಾದ. ದುಂಡವ್ವ ಕಣ್ಣೊರೆಸಿಕೊಂಡು ನಕ್ಕಳು: "ಅಮಾಸಿಯಿಂದ, ತಮ್ಮಾ. ನಿನ್ನ ಪಾಠ ಹೊಟ್ಟಿಗೆ ಬರ್ಲಿ ಅಂತ ತಡಕೊಂಡಿದ್ನಿ."