ಕೆಂಪಾಗದ ಸುಣ್ಣ

ನಾರಾಯಣಪುರದ ನೀರು ಕೆಂಭಾವಿ ಕಡೆಯ ಉಪಕಾಲುವೆಗೆ ಬರತೊಡಗಿ ಕೆಲವೇ ವರ್ಷ ಆಗಿತ್ತು. ಇಸವಿ ಹೇಳಲಾರೆ, ನನ್ನ ಎರಡನೇ ಮಗಳಿಗೆ ಹಲ್ಲು ಬರುತ್ತಿದ್ದ ಬೇಸಿಗೆ. ಕಾಲುವೆ ದುರಸ್ತಿಯಲ್ಲಿ ಹನ್ನೆರಡು ಹೆಂಗಸರ ಗ್ಯಾಂಗಿಗೆ ನಾನು ಮುಂದಾಳು. ಬುಟ್ಟಿ ಹೊರುವುದು, ಮಣ್ಣು ಕಲಸುವುದು, ನೀರು ಹೊಡೆಯುವುದು ನಮ್ಮ ಕೆಲಸ.

ದುರಸ್ತಿಯಾಗಬೇಕಿದ್ದ ದಂಡೆ ನಮ್ಮ ಕೇರಿಯ ತಲೆಯ ಮೇಲೆಯೇ ಇತ್ತು. ಹಿಂದಿನ ವರ್ಷ ಅದು ಒಡೆದು ಒಂಬತ್ತು ಮನೆಗೆ ನೀರು ನುಗ್ಗಿತ್ತು. ನನ್ನದೂ ಒಂದು. ಹಿಂದಿನ ಗೋಡೆ ಕುಸಿಯಿತು, ಚೀಲದಲ್ಲಿದ್ದ ಜೋಳ ಚೀಲದಲ್ಲೇ ಮೊಳಕೆ ಒಡೆಯಿತು. ಇನ್ನೊಂದು ಸಲ ಒಡೆದರೆ ಉಳಿದ ಗೋಡೆಯೂ ಹೋಗುತ್ತಿತ್ತು.

ತಂಟೆಯೆಲ್ಲ ಕರಿ ಎರೆಮಣ್ಣಿನದು. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಎರಡು ಸಲ ಸಿಮೆಂಟ್ ಲೈನಿಂಗ್, ಅಂದರೆ ಕಾಲುವೆಯ ಒಳಮೈಗೆ ಗಚ್ಚು, ಹಾಸಿದ್ದರು. ಎರಡು ಸಲವೂ ಮಣ್ಣು ಅದನ್ನು ಹಪ್ಪಳದಂತೆ ಎತ್ತಿ ಮುರಿಯಿತು. ಹೊಸದಾಗಿ ಬಂದ ಇಂಜಿನಿಯರ್ ಬೇರೆ ದಾರಿ ಹಿಡಿದರು. ಮಣ್ಣಿನೊಳಗೇ ಸುಣ್ಣ ಮತ್ತು ಕರೆಂಟ್ ಕಾರ್ಖಾನೆಯ ಹಾರುಬೂದಿ ಬೆರೆಸಿ ರೋಲರ್ ಹೊಡೆಸುವುದು. ಇದಕ್ಕೆ ಸಾಯಿಲ್ ಸ್ಟೆಬಿಲೈಸೇಶನ್ ಅನ್ನುತ್ತಾರೆ. ಮಣ್ಣಿನ ಸೊಕ್ಕು ಇಳಿಸುವುದು ಅಂತ ನಾವು ತಿಳಿದುಕೊಂಡೆವು. ಸಿಮೆಂಟಿಗೆ ಕಲ್ಲು ಸುಡುವಾಗ ಹೊಗೆ ಬಹಳ ಏಳುತ್ತದೆ, ಬೂದಿ ಹೇಗೂ ಗುಡ್ಡೆ ಬಿದ್ದಿದೆ, ಅದು ಸೇರಿದರೆ ಸುಣ್ಣವೂ ಸ್ವಲ್ಪವೇ ಸಾಕು ಎಂದು ಅವರು ಬಿಡಿಸಿ ಹೇಳಿದರು.

ನೀರು ಬಿಡಲು ಇಪ್ಪತ್ತು ದಿನ ಇರುವಾಗ ಸುಣ್ಣದ ಚೀಲಗಳು ಬಂದವು. ಬಾಯಿ ಬಿಚ್ಚಿಕೊಂಡಿದ್ದವು, ಕೆಲವು ಮಳೆಯನ್ನೂ ಕಂಡಿದ್ದವು. ಕೈ ಹಾಕಿದೆ. ಬೆವರಿದ ಕೈಗೆ ಸುಣ್ಣ ಚುರ್ ಅನ್ನಬೇಕು. ಇದು ಹಿಟ್ಟಿನಂತೆ ಸುಮ್ಮನಿತ್ತು. ಗ್ಯಾಂಗಿನ ಮರೆಮ್ಮ ಬೆರಳ ಗಾಯಕ್ಕೆಂದು ಸೆರಗಿನಲ್ಲಿ ಅರಿಶಿನ ಕಟ್ಟಿಕೊಂಡು ಬಂದಿದ್ದಳು. ಚಿಟಿಕೆ ತೆಗೆದು ಸುಣ್ಣಕ್ಕೆ ಹಾಕಿ ನೀರಲ್ಲಿ ತಿಕ್ಕಿದೆ. ಹಳದಿಯೇ ಉಳಿಯಿತು. ಜೀವ ಇರುವ ಸುಣ್ಣ ಅರಿಶಿನವನ್ನು ಕೆಂಪು ಮಾಡುತ್ತದೆ. ಗಾಳಿ ಕುಡಿದು ಸತ್ತ ಸುಣ್ಣ ಬರೀ ಬಿಳಿ ಧೂಳು.

ಗುತ್ತಿಗೆದಾರನ ಸೂಪರ್‌ವೈಸರ್ ಬಂದ.

"ಏನ್ ಅಡಗಿ ಮಾಡಾಕತ್ತೀರಿಬೇ? ಬುಟ್ಟಿ ಎತ್ರಿ."

"ಸುಣ್ಣ ಸತ್ತದ್ರಿ. ಇದು ಹಾಕಿದ್ರ ದಂಡಿ ನಿಲ್ಲಂಗಿಲ್ಲ."

"ಬೆಳ್ಳಗ ಅದಲ್ಲ, ಮತ್ತೇನು ಬೇಕು?"

"ನಿಮ್ಮ ಧೋತರನೂ ಬೆಳ್ಳಗ ಅದ. ಅದನ್ನೂ ಕಲಸಲೇನ್ರಿ?"

ಹೆಂಗಸರು ನಕ್ಕರು. ಅದೇ ಅವನಿಗೆ ಚುಚ್ಚಿತು.

"ನಾಳಿಗಿ ಸುರಪುರದಿಂದ ಬ್ಯಾರೆ ಗ್ಯಾಂಗ್ ತರ್ತೀನಿ. ನೀವು ಮನ್ಯಾಗ ರೊಟ್ಟಿ ಬಡೀರಿ."

"ತರ್ರಿ. ಅವರ ಮನ್ಯಾಗೂ ಅರಿಶಿನ ಇರ್ತದ."

ನಾನು ಹೋಗಿ ಚೀಲದ ಮೇಲೆ ಕೂತೆ. ಮರೆಮ್ಮ ಹತ್ತಿರ ಬಂದು ಪಿಸುಗುಟ್ಟಿದಳು: "ಯಕ್ಕಾ, ಕೆಲಸ ಹೋದ್ರ?"

"ಮನಿ ಹೋದ್ರ?" ಅಂದೆ.

ಅವಳೂ ಕೂತಳು. ಹನ್ನೆರಡೂ ಜನ ಕೂತೆವು. ಮರುದಿನ ಸುರಪುರದ ಗ್ಯಾಂಗ್ ಹೊತ್ತ ಅವನ ಟ್ರ್ಯಾಕ್ಟರ್ ಬರುವ ಮೊದಲೇ ಬಂದು ಮತ್ತೆ ಚೀಲಗಳ ಮೇಲೆ ಕೂತೆವು. ಮಧ್ಯಾಹ್ನ ಇಂಜಿನಿಯರ್ ಜೀಪು ಬಂತು.

"ನೋಡ್ರಿ ಸಾಹೇಬ್ರ, ಓದಿಲ್ಲ, ಬರದಿಲ್ಲ, ಇಲ್ಲಿ ಲ್ಯಾಬ್ ನಡಸಾಕತ್ತಾರ," ಅಂದ ಸೂಪರ್‌ವೈಸರ್.

ಇಂಜಿನಿಯರ್ ನಗಲಿಲ್ಲ. ನಾನು ಒಂದು ಅಂಗೈಯಲ್ಲಿ ಚೀಲದ ಸುಣ್ಣ, ಇನ್ನೊಂದರಲ್ಲಿ ಮರೆಮ್ಮನ ಎಲೆಅಡಿಕೆ ಡಬ್ಬಿಯ ಸುಣ್ಣ ಹಿಡಿದೆ. ಎರಡಕ್ಕೂ ಅರಿಶಿನ, ಎರಡಕ್ಕೂ ನೀರು. ಒಂದು ಹಳದಿ, ಒಂದು ರಕ್ತದ ಬಣ್ಣ.

"ಇದನ್ನ ಯಾರು ಕಲಿಸಿದ್ರಮ್ಮ?"

"ಆರತಿ ನೀರು ಕೆಂಪು ಹೆಂಗ ಆಗ್ತದ ಅಂತ ನಿಮ್ಮ ಅವ್ವಗ ಕೇಳ್ರಿ."

ಅವರು ಚೀಲಗಳನ್ನು ಅಲ್ಲಿಂದಲೇ ವಾಪಸ್ ಹೊರಿಸಿದರು. ನಾಲ್ಕನೇ ದಿನ ಶಹಾಪುರ ಕಡೆಯ ಭಟ್ಟಿಯಿಂದ ಹೊಸ ಸುಣ್ಣ ಬಂತು. ಕಲಸಿದ ಮಣ್ಣನ್ನೂ ನಾವು ಬಿಡಲಿಲ್ಲ. ಹತ್ತು ಹೆಜ್ಜೆಗೊಂದು ಹಿಡಿ ತೆಗೆದು ನೀರಲ್ಲಿ ಕದಡಿ, ತಿಳಿಯಾದ ಮೇಲೆ ಅರಿಶಿನ ಹಾಕಿ ನೋಡಿದೆವು. ಬಣ್ಣ ತಿರುಗದಿದ್ದ ಕಡೆ ಇನ್ನೊಂದು ಬುಟ್ಟಿ ಸುಣ್ಣ. ಎರಡು ದಿನ ಒದ್ದೆ ಗೋಣಿ ಹೊದಿಸಿ, ಬರಿಗಾಲಲ್ಲಿ ನಡೆದು ನೋಡಿದೆ. ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತಿದ್ದ ಎರೆಮಣ್ಣಿನ ಒಂದು ಕಾಳೂ ಕಾಲಿಗೆ ಹತ್ತಲಿಲ್ಲ. ಆಮೇಲೆ ರೋಲರ್.

ನೀರು ಬಿಟ್ಟ ದಿನ ಕೇರಿಯವರು ಸಾಮಾನು ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಕಟ್ಟಲಿಲ್ಲ. ರೊಟ್ಟಿ ಬಡಿಯುತ್ತ ಕೂತಿದ್ದೆ. ದಂಡೆ ನಿಂತಿತು. ಆ ವರ್ಷವೂ, ಮುಂದಿನ ವರ್ಷವೂ.

ಆ ಗುತ್ತಿಗೆದಾರ ನಮ್ಮನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ನಾವೂ ಅವನ ಬಾಗಿಲಿಗೆ ಹೋಗಲಿಲ್ಲ. ಹತ್ತಿ ಬಿಡಿಸಲು ಹೋದೆವು. ಕೆಲಸ ನನಗೆ ಕಲಿಸಿದ್ದು ಇಷ್ಟು: ದಂಡೆ ಒಡೆದರೆ ನೀರು ಗುತ್ತಿಗೆದಾರನ ಮನೆಗೆ ಹೋಗುವುದಿಲ್ಲ. ಕೆಳಗೆ ಮಲಗುವವರು ನಾವು. ಆ ದಂಡೆಗೆ ಏನು ಬೀಳಬೇಕು ಅನ್ನುವ ಮಾತು ನಮ್ಮದು, ಓದು ಬರಲಿ, ಬಿಡಲಿ. ಇಂದು ಅಂಥದೇ ಚೀಲ ಬಂದರೆ ಇಂದೂ ಹೋಗಿ ಕೂರುತ್ತೇನೆ. ಈಗ ಮೊಣಕಾಲು ಕೆಟ್ಟಿವೆ. ಏಳಿಸುವುದು ಅವರಿಗೇ ಕಷ್ಟ.