ಫರಸಿ ಒಣಗುವಷ್ಟು ಹೊತ್ತು

ಅಂಗಳಕ್ಕೆ ಹಾಸಿದ ಫರಸಿ ಕಲ್ಲಿಗೆ ನೀರು ಸುರಿದು ಒರಸುವ ಅರಿವೆ ಹಿಂಡುತ್ತಿದ್ದೆ. ಪಕ್ಕದ ಮನೆಯ ಅಮೀನಾಬಿ ಗೋಡೆಯಾಚೆಯಿಂದ, "ಅಕ್ಕಾ, ನಿಮ್ಮ ಭಾವನೋರ ಕಣ್ಣಿನ ಪಟ್ಟಿ ಬಿಚ್ಯಾರಂತ. ಛಲೋ ಕಾಣ್ಲಿಕತ್ತದಂತ" ಎಂದಳು. ಅವಳ ಗಂಡ ಗುಲಬರ್ಗಾದ ದವಾಖಾನೆಯಲ್ಲಿ ಅವರನ್ನು ಕಂಡು, ಆಗಷ್ಟೇ ಶಹಾಬಾದಿನಲ್ಲಿ ರೈಲಿಳಿದು ಬಂದಿದ್ದ. ಒದ್ದೆ ಕೈಯಲ್ಲೇ ಮುಗಿದೆ. ಶಿವ ನನಗೆ ದೊಡ್ಡದೇನೂ ಕೊಟ್ಟವನಲ್ಲ. ಸಣ್ಣಸಣ್ಣದನ್ನು ಮಾತ್ರ ತಪ್ಪಿಸಿದವನಲ್ಲ.

ಭಾವ ಎಂದರೆ ನನ್ನ ಗಂಡನ ಅಣ್ಣ. ಹೊಟ್ಟೆಗೆ ಫರಸಿ ಖಣಿಯ ಕೆಲಸ, ತಲೆಗೆ ಚಿತ್ರದ ಹುಚ್ಚು. ಕಲಿಸಿದವರು ಯಾರೂ ಇಲ್ಲ. ಬಣ್ಣವೆಲ್ಲ ನನ್ನ ಅಡುಗೆಮನೆಯದು: ಅರಿಷಿಣ, ದೀಪದ ಕಾಡಿಗೆ, ಬಟ್ಟೆಗೆ ಹಾಕುವ ನೀಲಿ. ಒಂದು ಶ್ರಾವಣದಲ್ಲಿ ಅರಿಷಿಣದ ಡಬ್ಬಿ ಬರಿದಾಗಿ ನನ್ನ ಹೋಳಿಗೆ ಬಿಳಚಿಕೊಂಡವು. ಕಾಗದದ ಮೇಲೆ ಅವರ ಕುಸುಬಿ ಹೊಲ ಮಾತ್ರ ಬಂಗಾರದಂತೆ ಹೂ ಬಿಟ್ಟಿತ್ತು.

ಚಿತ್ರ ಹುಟ್ಟುತ್ತಿದ್ದುದು ಅಂಗಳದಲ್ಲಿ. ನೀರು ಬಿದ್ದ ಫರಸಿ ಕಪ್ಪಾಗುತ್ತದೆ, ಒಣಗುತ್ತ ಅಂಚಿನಿಂದ ಬೂದಿಬಣ್ಣಕ್ಕೆ ತಿರುಗುತ್ತದೆ. ನಡುವೆ ಉಳಿದ ಕಲೆಯಲ್ಲಿ ಅವರಿಗೆ ಎಮ್ಮೆ, ಗುಡ್ಡ, ಬಸ್ಸು ಎಲ್ಲ ಕಾಣುತ್ತಿದ್ದವು. ನಾನು ಅರಿವೆ ಹಿಡಿದು ಬಾಗಿಲ ಮರೆಯಲ್ಲಿ ಕಾಯಬೇಕು. ನೀವೇ ಹೇಳಿ, ನೆಲ ಒಣಗುವುದನ್ನು ನೋಡುತ್ತ ಕೂರುವುದೂ ಒಂದು ಉದ್ಯೋಗವೇ?

ಅತ್ತೆ ತೀರಿಕೊಂಡಾಗ ಮನೆಯಲ್ಲಿ ಅವರದೊಂದು ಫೋಟೋ ಇರಲಿಲ್ಲ. ಅವ್ವನ ರೂಪ ಮರೆಯುತ್ತಿದೆ ಎಂಬುದೇ ಭಾವನ ಕೊರಗು. ಒಂದು ಸೋಮವಾರ ಕಲೆಯಲ್ಲಿ ಅತ್ತೆ ಕಂಡರಂತೆ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಕುಳಿತಂತೆ. ಗಡಬಡಿಸಿ ಸುತ್ತಲೂ ಇದ್ದಿಲಿನಿಂದ ಗೆರೆ ಎಳೆದು ಕಾಗದ ತರಲು ಹೋದರು. ನಾನು ಬಂದೆ. ಪೂಜೆಯ ಹೊತ್ತಿಗೆ ಇದೆಂಥ ಇದ್ದಿಲ ಹೊಲಸು ಎಂದು ಎರಡು ಕೊಡ ನೀರು ಸುರಿದು ಒರಸಿದೆ. ಭಕ್ತಿ ಹೆಚ್ಚಾದರೆ ಕೈಯೂ ಚುರುಕು.

ಭಾವ ಬೈಯಲಿಲ್ಲ. "ಅವ್ವನ್ನ ಒರಸಿಬಿಟ್ಟೆಲ್ಲ ತಂಗೀ" ಎಂದು ಅಲ್ಲೇ ಕುಳಿತರು.

ಎಂಟು ದಿನ ಅದೇ ಹೊತ್ತಿಗೆ, ಅದೇ ಕೊಡದಿಂದ ನೀರು ಸುರಿದೆ. ಎಮ್ಮೆ ಬಂತು, ಬಸ್ಸು ಬಂತು, ಅತ್ತೆ ಬರಲಿಲ್ಲ. ಒಂಬತ್ತನೆಯ ದಿನ ಭಾವ ನೆಲ ನೋಡುತ್ತಲೇ, "ಅವ್ವ ಜೋಳ ಹಸನ ಮಾಡೋ ಹಂಗ ಒಮ್ಮಿ ಕುಂದ್ರವ್ವಾ. ನಿನಗ ಕಲಿಸಿದಾಕಿ ಆಕೀನೇ ಅಲ್ಲ?" ಎಂದರು.

ಆಗೆಲ್ಲ ಭಾವನ ಎದುರು ಮುಖ ಕೊಟ್ಟು ಕೂರುವ ರೂಢಿ ಇರಲಿಲ್ಲ. ಕುಳಿತರೆ ಓಣಿ ಆಡಿಕೊಳ್ಳುತ್ತದೆ; ಒಲ್ಲೆ ಎಂದರೆ ಒರಸಿದ ಪಾಪ ಎಲ್ಲಿ ಕಳೆಯಲಿ? ತಲೆ ತುಂಬ ಸೆರಗು ಹೊದ್ದು, ಅವರಿಗೆ ಬೆನ್ನು ಮಾಡಿ ಕುಳಿತು ಮೊರ ಹಿಡಿದೆ. ಅಷ್ಟು ಹಸನಾದ ಜೋಳದ ರೊಟ್ಟಿಯನ್ನು ನಮ್ಮ ಮನೆ ಮತ್ತೆ ತಿಂದಿಲ್ಲ.

ಚಿತ್ರದಲ್ಲಿ ಮುಖವೇ ಇರಲಿಲ್ಲ. ಸೆರಗು, ಬಾಗಿದ ಬೆನ್ನು, ತುಸು ಎತ್ತಿದ ಮೊಣಕೈ, ಹಾರುವ ಹೊಟ್ಟು. ಅಮೀನಾಬಿ ನೋಡಲು ಬಂದಳು. "ಮಾರಿ ಬರೀಲಿಕ್ಕ ಬಣ್ಣ ಸಾಲಲಿಲ್ಲೇನ್ರಿ ಭಾವನೋರೆ?" ಎಂದು ಕಾಲೆಳೆಯುತ್ತ ಹತ್ತಿರ ಹೋದಳು. "ನಿಮ್ಮವ್ವ ಅಲ್ಲೇನ್ರಿ ಇವರು" ಎಂದು ಸೆರಗು ತಲೆಯ ಮೇಲೆ ಎಳೆದುಕೊಂಡಳು. ಬೆನ್ನು ನನ್ನದೆಂದು ನಾನು ಹೇಳಲು ಹೋಗಲಿಲ್ಲ.

ಹೋದ ವರ್ಷದಿಂದ ಭಾವನ ಕಣ್ಣಿಗೆ ಪೊರೆ ಬಂದು ಕಲೆಯೂ ಕಲ್ಲೂ ಒಂದೇ ಆಗಿದ್ದವು. ಅಂಗಳಕ್ಕೆ ಬರುವುದನ್ನೇ ಬಿಟ್ಟಿದ್ದರು. ನಾನೂ ಸುರಿದ ಕೂಡಲೇ ಒರಸುತ್ತಿದ್ದೆ.

"ಇನ್ನೊಂದು ಮಾತು ಹೇಳಿ ಕಳಿಸ್ಯಾರ" ಎಂದಳು ಅಮೀನಾಬಿ. "ನಾ ಬರೋತನಕ ಫರಸಿ ಒರಸಬ್ಯಾಡ ಅಂತ."

ಅವರು ಬರುವುದು ನಾಡಿದ್ದು. ಅಷ್ಟರಲ್ಲಿ ಫರಸಿ ಎಷ್ಟು ಸಲ ಒಣಗುತ್ತದೋ. ಆದರೂ ಅರಿವೆಯನ್ನು ಹಗ್ಗಕ್ಕೆ ಹಾಕಿದೆ. ತುಸು ಹೊತ್ತು ನಿಂತು ನೋಡಿದೆ. ನನಗೆ ಕಂಡದ್ದು ಎಮ್ಮೆಯೇ. ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ನಾದಲು ಕುಳಿತೆ, ಬಾಗಿಲಿಗೆ ಬೆನ್ನು ಮಾಡಿ.