ಎಂಟು ದಿನ ತಡವಾದ ಮೋಟಾರು

ಕಳೆದ ವಾರ ಹತ್ತರಗಿಯ ಹತ್ತಿರ ನಮ್ಮ ಬಸ್ಸು ಗಕ್ಕನೆ ನಿಂತಿತು. ಅಡ್ಡ ಬಂದ ಎಮ್ಮೆ ಸಾವಕಾಶವಾಗಿ ದಾಟಿತು, ಡ್ರೈವರು ಬೈದ, ಒಳಗೆಲ್ಲ ಕಾದ ಬ್ರೇಕಿನ ಕಮಟು ವಾಸನೆ. ನಿಮಗೂ ಆ ವಾಸನೆ ಗೊತ್ತಿರಬಹುದು. ನನಗೆ ಅದರಿಂದ ಗೋಕಾಕದ ಶಿವಲಿಂಗಪ್ಪ ಸಾವಕಾರರು ನೆನಪಾಗುತ್ತಾರೆ.

ಐವತ್ತರ ದಶಕದ ಮಾತು. ಆಗ ನಾನು ಒಂದು ದಿನಪತ್ರಿಕೆಗೆ ತಾಲೂಕಿನ ಸುದ್ದಿ ಕಳಿಸುತ್ತಿದ್ದೆ. ಸುದ್ದಿಯೆಂದರೆ ಸಭೆ, ಸನ್ಮಾನ, ಕಳೆದುಹೋದ ಎತ್ತು. ಬೆಲ್ಲದ ವ್ಯಾಪಾರಿಯಾಗಿದ್ದ ಸಾವಕಾರರು ಹಳೆಯ ಮೋಟಾರು ಕಾರೊಂದನ್ನು ಕೊಂಡು, ಗೋಕಾಕದಿಂದ ಹುಕ್ಕೇರಿಗೆ ಬಾಡಿಗೆಗೆ ಓಡಿಸುವವರಿದ್ದರು. ಸೋಮವಾರ ಮುಹೂರ್ತ. ನಾನು ಅವಸರದಿಂದ ಮುಂಚೆಯೇ ಸುದ್ದಿ ಕಳಿಸಿಬಿಟ್ಟಿದ್ದೆ. ಮೂಡಲಗಿಯ ಒಬ್ಬರೂ ಅದೇ ದಾರಿಗೆ ಕಾರು ಬಿಡುವ ತಯಾರಿಯಲ್ಲಿದ್ದರು. ಮೊದಲು ಓಡಿದ ಗಾಡಿಗೇ ಜನ ರೂಢಿಯಾಗುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ತಕರಾರು ತೆಗೆದವರು ಮಿಸ್ತ್ರಿ ಯಲ್ಲಪ್ಪ. ಮಸಗುಪ್ಪಿಯವರು, ಯುದ್ಧಕಾಲದಲ್ಲಿ ಸೈನ್ಯದ ಲಾರಿಗಳನ್ನು ರಿಪೇರಿ ಮಾಡಿ ಬಂದವರು. ಬ್ರೇಕು ಹಿಡಿಯುತ್ತದೆ, ಆದರೆ ಇನ್ನೂ ಚೆನ್ನಾಗಿ ಹಿಡಿಯಬೇಕು, ಪುಣೆಯಿಂದ ಹೊಸ ಲೈನಿಂಗ್ ತರಿಸಿ ಕೂಡಿಸಲು ಎಂಟು ದಿನ ಬೇಕು ಎಂದರು.

"ನಿನ್ನೆ ಇಳಿಜಾರಿನಾಗ ನಾನ ಕುಂತು ನೋಡೇನಿ. ನಿಂತೈತಲ್ಲೋ," ಅಂದರು ಸಾವಕಾರರು.

"ಖಾಲಿ ಗಾಡಿ ನಿಂತೈತ್ರಿ. ಹುಕ್ಕೇರಿಗೆ ಖಾಲಿ ಗಾಡಿ ಓಡಸವ್ರೇನ್ರಿ ನೀವು?"

ಸೋಮವಾರ ಬೆಳಿಗ್ಗೆ ಯಲ್ಲಪ್ಪ ಅಂಗಡಿಯ ಬೆಲ್ಲದ ಪೆಂಟೆಗಳನ್ನು ಐದಾರು ಜನರ ತೂಕವಾಗುವಷ್ಟು ತಂದು ಸೀಟುಗಳ ಮೇಲೆ ಪೇರಿಸಿದರು. ಪೂಜೆಯ ನಿಂಬೆಹಣ್ಣನ್ನು ಗಾಲಿಯ ಕೆಳಗಿಡಲಿಲ್ಲ. ಇಳಿಜಾರಿನಲ್ಲಿ ಖಾಲಿ ಕಾರು ಬಂದು ನಿಂತಿದ್ದ ಗುರುತಿನ ಮೇಲೆ ಇಟ್ಟು ಬಂದರು. ಕಾರನ್ನು ಅದೇ ವೇಗದಲ್ಲಿ ಇಳಿಸಿ, ಹಿಂದೆ ಒತ್ತಿದ್ದ ಹುಣಸೆಮರದ ಬಳಿಯೇ ಬ್ರೇಕು ಒತ್ತಿದರು. ಕಾರು ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ, ಮುಂದೆ ಹೋಗಿ ನಿಂತಿತು. ಹಣ್ಣು ಒಡೆದದ್ದು ಶುಭವೆಂದು ನೆರೆದವರು ಚಪ್ಪಾಳೆ ತಟ್ಟಿದರು. ತಾಲೂಕಿನ ವರದಿಗಾರನೂ ತಟ್ಟಿದ.

ಸಾವಕಾರರು ಮಾತ್ರ ಹಣ್ಣಿನಿಂದ ಗಾಲಿಯವರೆಗೆ ಹೆಜ್ಜೆ ಹಾಕಿ ಅಳೆದರು. ಏಳು. ತಿರುಗಿ ಅಳೆಯುತ್ತ ಬಂದರು. ಲೆಕ್ಕ ಕಡಿಮೆಯಾಗಲೆಂದು ಈ ಸಲ ಹೆಜ್ಜೆ ದೊಡ್ಡದಿಡುತ್ತಾರೋ ಎಂದು ನಾನು ಅವರ ಕಾಲನ್ನೇ ನೋಡುತ್ತಿದ್ದೆ. ಇಡಲಿಲ್ಲ. ಮತ್ತೆ ಏಳು.

"ತರಸಪಾ ನಿನ್ನ ಲೈನಿಂಗ್," ಅಂದರು. "ಮೂಡಲಗ್ಯಾವ್ರು ಮುಂದ ಹೋಗ್ಲಿ."

ಅವರು ಮುಂದೆ ಹೋದರು. ಅವರ ಕಾರಿಗೆ ಏನೂ ಆಗಲಿಲ್ಲ. ಸಾವಕಾರರ ಕಾರು ಬಹಳ ದಿನ ಅರ್ಧ ಖಾಲಿಯೇ ಓಡಿತು. ತಡ ಮಾಡಿದ್ದೇ ಸರಿ ಎನ್ನಲು ನನ್ನಲ್ಲಿ ಪುರಾವೆಯಿಲ್ಲ.

ಅಂದು ನಾನು ಕಳಿಸಿದ ತಿದ್ದುಪಡಿ ಒಂದೇ ಸಾಲು: ಅನಿವಾರ್ಯ ಕಾರಣಗಳಿಂದ ಮೋಟಾರು ಸೇವೆಯನ್ನು ಮುಂದೂಡಲಾಗಿದೆ. ಪತ್ರಿಕೆಯವರ ಸಿದ್ಧ ವಾಕ್ಯ. ಎಷ್ಟೋ ಸಲ ಬರೆದಿದ್ದೆ, ಒಮ್ಮೆಯೂ ಓದಿ ನೋಡಿರಲಿಲ್ಲ. ಮೊನ್ನೆ ಬಸ್ಸಿನಲ್ಲಿ ಮೊದಲ ಸಲ ಓದಿದಂತಾಯಿತು. ಅನಿವಾರ್ಯವಾದದ್ದು ಅಲ್ಲಿ ಏನಿತ್ತು? ಕಾರು ಸಿದ್ಧವಿತ್ತು, ಮುಹೂರ್ತ ಕೂಡಿಬಂದಿತ್ತು. ಹೊರಡಬಹುದಿತ್ತು. ಸಾವಕಾರರು ಬೇಡವೆಂದರು. ಸುದ್ದಿ ಅದಾಗಿತ್ತು, ನಾನು ಬರೆಯಲಿಲ್ಲ.